ಕ್ಯಾಂಪಸ್ ಯೋಜನೆಯೋ, ಸಮುದಾಯ ಯೋಜನೆಯೋ?

ಸುಸ್ಥಿರತೆಯನ್ನು ಯೋಜನೆಯ ಮೂಲಕ ಕಲಿಯಬಯಸುವ ವಿಶ್ವವಿದ್ಯಾಲಯದ ವಿದ್ಯಾರ್ಥಿಯ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ತನ್ನದೇ ಕ್ಯಾಂಪಸ್ಸಿನ ವಿದ್ಯುತ್, ನೀರು ಮತ್ತು ತ್ಯಾಜ್ಯದ ಲೆಕ್ಕಪರಿಶೋಧನೆ ನಡೆಸುವುದು, ಇಲ್ಲವೇ ಹೊರಗಿನ ಸಮುದಾಯವೊಂದರ ಜೊತೆಗೂಡಿ ಕೆಲಸ ಮಾಡುವುದು.

ಮೊದಲನೆಯದರಲ್ಲಿ ಮೀಟರುಗಳೂ ಬಿಲ್ಲುಗಳೂ ಹತ್ತಿರದಲ್ಲೇ ಇರುವುದರಿಂದ ಒಂದೇ ಸೆಮಿಸ್ಟರಿನಲ್ಲಿ ಅಳೆದು, ಬದಲಾವಣೆ ಮಾಡಿ, ಮತ್ತೆ ಅಳೆಯಲು ಸಾಧ್ಯ. ಹಸಿರುಮನೆ ಅನಿಲಗಳ ಲೆಕ್ಕದ ಮೂರು ವ್ಯಾಪ್ತಿಗಳು, ಅಂದರೆ ಸಂಸ್ಥೆಯೇ ಉರಿಸುವ ಇಂಧನ, ಖರೀದಿಸಿದ ವಿದ್ಯುತ್, ಹಾಗೂ ಪ್ರಯಾಣ, ಸಾಮಗ್ರಿ ಮುಂತಾದ ಪರೋಕ್ಷ ಮೂಲಗಳು, ಇಲ್ಲಿ ಪುಸ್ತಕಕ್ಕಿಂತ ಚೆನ್ನಾಗಿ ಮನದಟ್ಟಾಗುತ್ತವೆ. ಮೂರನೆಯ ವ್ಯಾಪ್ತಿಯನ್ನು ಕಷ್ಟವೆಂದು ಕೈಬಿಡಬಾರದು. ಹೊರಸೂಸುವಿಕೆಯ ದೊಡ್ಡ ಪಾಲು ಅಲ್ಲೇ ಅಡಗಿರಬಹುದು.

ಸಮುದಾಯದ ಯೋಜನೆ ನಿಧಾನವಾದುದು. ಆದರೆ 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಬಡತನ, ಆರೋಗ್ಯ, ಅಸಮಾನತೆಗಳೂ ಸೇರಿವೆ. ಯಾವ ಮೀಟರೂ ತೋರಿಸದ ಈ ಸಂಗತಿಗಳನ್ನು ಜನರ ಮಾತು ಆಲಿಸಿಯೇ ಅರಿಯಬೇಕು. ಇದೇ ಹೆಚ್ಚು ಆಳವಾದ ಕಲಿಕೆ ಎಂಬುದು ನನ್ನ ದೃಢ ಅಭಿಪ್ರಾಯ.

ಆದರೂ ಒಂದೇ ಸೆಮಿಸ್ಟರ್ ಅವಧಿ ಇರುವವರು ಕ್ಯಾಂಪಸ್ಸನ್ನೇ ಆರಿಸಿಕೊಳ್ಳಲಿ, ಏಕೆಂದರೆ ಪರೀಕ್ಷೆ ಮುಗಿದೊಡನೆ ಅರ್ಧಕ್ಕೆ ನಿಲ್ಲುವ ಕೆಲಸದ ಹೊರೆ ಸಮುದಾಯದ ಮೇಲೇ ಬೀಳುತ್ತದೆ. ಒಂದು ವರ್ಷದ ಕಾಲಾವಕಾಶವೂ, ಮುಂದಿನ ತಂಡಕ್ಕೆ ಕೆಲಸ ಹಸ್ತಾಂತರಿಸುವ ಅಧ್ಯಾಪಕರೂ ಇದ್ದರೆ ಎರಡನೆಯದನ್ನು ನಿಸ್ಸಂಕೋಚವಾಗಿ ಆಯ್ದುಕೊಳ್ಳಬಹುದು.