ಸ್ಪಾರ್ಕ್ ಕಟ್, ಫ್ಯೂಯಲ್ ಕಟ್, ರೈಡ್-ಬೈ-ವೈರ್: ಮೂರು ಬಗೆಯ ರೆವ್ ಲಿಮಿಟರ್ ಓಡಿಸಿ ನೋಡಿದ ಮೇಲೆ

ಫಸ್ಟ್ ಗೇರಿನಲ್ಲಿ ಫುಲ್ ರೇಸ್ ಕೊಟ್ಟಾಗ ಎಂಜಿನ್ ಎಷ್ಟು ಬೇಗ ಮೇಲೇರುತ್ತದೆ ಅಂದರೆ, ಕಿವಿಗೆ ಸದ್ದು ಕೇಳಿ, ಕೈ ಕ್ಲಚ್ ಹಿಡಿದು, ಕಾಲು ಗೇರು ಎತ್ತುವಷ್ಟರಲ್ಲಿ ಆರ್‌ಪಿಎಂ ಮೀಟರಿನ ಮುಳ್ಳು ಕೆಂಪು ಗೆರೆ ತಲುಪಿರುತ್ತದೆ. ಆ ಗಳಿಗೆಯಲ್ಲಿ ಎಂಜಿನ್ನನ್ನು ಕಾಪಾಡುವುದು ರೆವ್ ಲಿಮಿಟರ್, ಅಂದರೆ ಎಂಜಿನ್ ಮಿತಿ ಮೀರಿ ಸುತ್ತದಂತೆ ತಡೆಯುವ ವ್ಯವಸ್ಥೆ. ಕೆಲವು ಬೈಕು ಸ್ಪಾರ್ಕ್ ನಿಲ್ಲಿಸುತ್ತವೆ, ಕೆಲವು ಪೆಟ್ರೋಲ್ ನಿಲ್ಲಿಸುತ್ತವೆ, ಇನ್ನು ಕೆಲವು ಗಾಳಿಯನ್ನೇ ತಡೆಯುತ್ತವೆ. ಮೂರನ್ನೂ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿನಲ್ಲಿ ಓಡಿಸಿ ನೋಡಿದ್ದೇನೆ. ರಸ್ತೆಯಲ್ಲಿ ಮಾತ್ರ ಇದನ್ನು ಪರೀಕ್ಷೆ ಮಾಡಲು ಹೋಗಬೇಡಿ, ದಯವಿಟ್ಟು.

ಮೊದಲು ಎಂಜಿನ್ ಒಳಗೆ ಏನಾಗುತ್ತದೆ ನೋಡೋಣ. ಹಳೆಯ ಕೆಟಿಎಂ 390 ಡ್ಯೂಕ್‌ನ 373 ಸಿಸಿ ಎಂಜಿನ್ ತಗೊಳ್ಳಿ. ಅದರ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಹೋಗುವ ದೂರ, 60 ಮಿಲಿಮೀಟರ್. ನಿಮಿಷಕ್ಕೆ 10,000 ಸುತ್ತಿನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್. ಅಷ್ಟು ವೇಗದಲ್ಲಿ ಓಡುತ್ತಾ ಪ್ರತಿ ಸುತ್ತಿಗೂ ಎರಡು ಸಲ ಪೂರ್ತಿ ನಿಂತು ದಿಕ್ಕು ಬದಲಿಸಬೇಕು. ಮೇಲ್ತುದಿಯಲ್ಲಿ ಅದರ ಮೇಲೆ ಬೀಳುವ ಎಳೆತ ಭೂಮಿಯ ಸೆಳೆತದ 3,000 ಪಟ್ಟಿಗಿಂತ ಜಾಸ್ತಿ. ಅಷ್ಟನ್ನೂ ತಡೆಯುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್. ಈ ಎಳೆತ ವೇಗದ ವರ್ಗದಷ್ಟು ಏರುತ್ತದೆ. ಸುತ್ತು ಶೇಕಡಾ 10 ಹೆಚ್ಚಿದರೆ ಎಳೆತ ಶೇಕಡಾ 21 ಹೆಚ್ಚುತ್ತದೆ. ಇನ್ನೊಂದು ಕಡೆ ವಾಲ್ವ್ ಮುಚ್ಚುವ ಸ್ಪ್ರಿಂಗ್‌ಗೂ ಒಂದು ಮಿತಿ ಇದೆ. ಅದು ಮೀರಿದರೆ ವಾಲ್ವ್ ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ, ಮೇಲೆ ಬರುವ ಪಿಸ್ಟನ್ ಅದಕ್ಕೆ ಹೊಡೆಯಬಹುದು. ಹೊಡೆದರೆ ವಾಲ್ವ್ ಬಾಗುತ್ತದೆ, ಎಂಜಿನ್ ಹೆಡ್ ಬಿಚ್ಚಲೇಬೇಕು.

ಹಾಗಾದರೆ ಯಮಹಾ ಆರ್‌ಎಕ್ಸ್ 100ಕ್ಕೆ ಲಿಮಿಟರ್ ಇಲ್ಲದೆ ಹೇಗೆ ನಡೆಯಿತು? ಅದು ಟೂ-ಸ್ಟ್ರೋಕ್. ಮೇಲೆ ಕೆಳಗೆ ಕುಣಿಯುವ ವಾಲ್ವೇ ಇಲ್ಲ. 98 ಸಿಸಿಯ ಆ ಎಂಜಿನ್ 7,500 ಸುತ್ತಿನಲ್ಲಿ 11 ಹಾರ್ಸ್‌ಪವರ್ ಕೊಟ್ಟು, ಅಲ್ಲಿಂದಾಚೆ ಬೇಗ ಸುಸ್ತಾಗುತ್ತದೆ. ಪೋರ್ಟು (ಸಿಲಿಂಡರ್ ಗೋಡೆಯ ಕಿಂಡಿ), ಸೈಲೆನ್ಸರಿನ ಅಳತೆಯೇ ಅದಕ್ಕೆ ಕಡಿವಾಣ. ಓಡಿಸುವಾಗ ದಮ್ಮು ಕಡಿಮೆಯಾಗುವುದು ಸೀಟಿಗೇ ಗೊತ್ತಾಗುತ್ತದೆ, ಕೈ ತಾನಾಗಿ ಗೇರಿಗೆ ಹೋಗುತ್ತದೆ. ನನಗೆ ಇವತ್ತಿಗೂ ಆ ಬೈಕು ತುಂಬಾ ಇಷ್ಟ. ಆದರೆ ಆ ಕಡಿವಾಣ ಫೋರ್-ಸ್ಟ್ರೋಕ್‌ಗೆ ಸಾಲದು.

ಕಾರ್ಬ್ಯುರೇಟರ್ ಇರುವ ಪಲ್ಸರ್ 150ರಲ್ಲಿ ಪೆಟ್ರೋಲ್ ಮೇಲೆ ಎಲೆಕ್ಟ್ರಾನಿಕ್ಸ್‌ಗೆ ಹಿಡಿತವಿಲ್ಲ. ಹಾಗಾಗಿ ಸ್ಪಾರ್ಕ್ ನಿಯಂತ್ರಿಸುವ ಪೆಟ್ಟಿಗೆಯಾದ ಸಿಡಿಐ ಸ್ಪಾರ್ಕ್ ನಿಲ್ಲಿಸುತ್ತದೆ. ಅನುಭವ ಒರಟು: ತಡತಡ ಸದ್ದು, ಮೈ ಮುಂದಕ್ಕೆ ಜಗ್ಗುತ್ತದೆ, ಸೈಲೆನ್ಸರಿನಲ್ಲಿ ಪಟಪಟ. ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುವ ಶಬ್ದ ಅದು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಬೈಕಿನಲ್ಲಿ ಹೀಗೆ ಜಾಸ್ತಿ ಹೊತ್ತು ಮಾಡಿದರೆ ಆ ಕನ್ವರ್ಟರ್ ವಿಪರೀತ ಕಾದು ಹಾಳಾಗುತ್ತದೆ. ಲಿಮಿಟರ್ ಮೇಲೆ ಬೈಕು ನಿಲ್ಲಿಸಿ ಪಟಾಕಿ ಹೊಡೆಸುವವರು ಇದನ್ನು ಒಮ್ಮೆ ಯೋಚಿಸಲಿ. ಆದರೂ ಸ್ಪಾರ್ಕ್ ಕಟ್‌ಗೆ ಒಂದು ದೊಡ್ಡ ಗುಣವಿದೆ. ಅದಕ್ಕಿಂತ ಬೇಗ ಕೆಲಸ ಮಾಡುವುದು ಬೇರೆ ಇಲ್ಲ. ಮುಂದಿನ ಸ್ಪಾರ್ಕೇ ಬರುವುದಿಲ್ಲ, ಅಷ್ಟೇ. ಗೇರು ಸರಿಯಾಗಿ ಬೀಳದೆ ನ್ಯೂಟ್ರಲ್ ಆದಾಗ, ಹಗ್ಗಜಗ್ಗಾಟದಲ್ಲಿ ಎದುರಿನವರು ಥಟ್ಟನೆ ಹಗ್ಗ ಬಿಟ್ಟಂತೆ ಎಂಜಿನ್ ಮೇಲಕ್ಕೆ ಹಾರುತ್ತದೆ. ಅಂಥ ಹೊತ್ತಿಗೆ ನಾನು ನಂಬುವುದು ಇದನ್ನೇ.

ಇಂಜೆಕ್ಷನ್ ಇರುವ, ಆದರೆ ಎಕ್ಸಲರೇಟರ್‌ಗೆ ಕೇಬಲ್ಲೇ ಇರುವ 150 ಸಿಸಿ ಬೈಕಿನಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂದ್ ಆಗುತ್ತದೆ. ಇದೇ ಫ್ಯೂಯಲ್ ಕಟ್. ಪಟಾಕಿ ಇಲ್ಲ, ಕನ್ವರ್ಟರ್‌ಗೆ ಸಂಕಟ ಇಲ್ಲ. 10,000 ಸುತ್ತಿನಲ್ಲಿ ಫೋರ್-ಸ್ಟ್ರೋಕ್‌ನ ಒಂದು ಆವರ್ತಕ್ಕೆ, ಅಂದರೆ ಎರಡು ಸುತ್ತಿಗೆ, 12 ಮಿಲಿಸೆಕೆಂಡ್ ಸಾಕು. ಗಾಳಿ ಒಳಬರುವ ಪೋರ್ಟಿನ ಗೋಡೆಗೆ ಅಂಟಿದ ಪೆಟ್ರೋಲ್ ಮುಗಿಯುವವರೆಗೆ ಒಂದೆರಡು ಆವರ್ತ ತಡವಾಗಬಹುದು. ಮತ್ತೆ ಶುರುವಾಗುವಾಗಲೂ ಹಾಗೇ. ಅದಕ್ಕೇ ನೇರ ಹಾದಿಯಲ್ಲಿ ಬೈಕು ಅಲೆಯ ಮೇಲೆ ಹೋದ ಹಾಗೆ ಹಿಂದೆ ಮುಂದೆ ತೂಗುತ್ತದೆ. ನೇರವಾಗಿದ್ದಾಗ ತೊಂದರೆ ಏನಿಲ್ಲ. ತಿರುವಿನಿಂದ ವಾಲಿಕೊಂಡು ಹೊರಬರುವಾಗ ಹೀಗಾದರೆ ಹಿಂದಿನ ಟೈರಿನ ಹಿಡಿತ ಕದಲುತ್ತದೆ. ನನಗೆ ಮೂರರಲ್ಲಿ ಕಡಿಮೆ ಹಿಡಿಸಿದ್ದು ಇದು.

ರೈಡ್-ಬೈ-ವೈರ್ ಬೇರೆ ಲೋಕ. ಎಕ್ಸಲರೇಟರ್ ತಿರುವಿದರೆ ಸೆನ್ಸರ್‌ಗೆ ತಿಳಿಯುತ್ತದೆ, ಥ್ರಾಟಲ್ ತಟ್ಟೆಯನ್ನು ಪುಟ್ಟ ಮೋಟಾರ್ ತಿರುಗಿಸುತ್ತದೆ. ಮಿತಿ ಹತ್ತಿರ ಬಂತು ಅಂದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಗಾಳಿ ಬಿಡುವ ಆ ತಟ್ಟೆಯನ್ನು ಸ್ವಲ್ಪ ಮುಚ್ಚುತ್ತದೆ. ಜಗ್ಗಾಟವಿಲ್ಲ, ಎಳೆತ ಮೆಲ್ಲಗೆ ಕರಗುತ್ತದೆ, ಅಷ್ಟೆ. ವಾಲಿಕೊಂಡಿದ್ದಾಗಲೂ ಬೈಕು ಅಲುಗಲಿಲ್ಲ. ಆದರೆ ತಟ್ಟೆ ತಿರುಗಲು ಹೊತ್ತು ಬೇಕು, ಒಳಗೆ ಸೇರಿದ ಗಾಳಿ ಖಾಲಿಯಾಗಲೂ ಬೇಕು. ಥಟ್ಟನೆ ಹಾರುವ ಎಂಜಿನ್‌ಗೆ ಇದೊಂದೇ ಸಾಲದು. ಅದಕ್ಕೇ ಇಂಥ ಬೈಕುಗಳಲ್ಲಿ ಇದರ ಬೆನ್ನಿಗೆ ಫ್ಯೂಯಲ್ ಕಟ್ ಅಥವಾ ಸ್ಪಾರ್ಕ್ ಕಟ್ ಕಾವಲಿಗೆ ಇರುತ್ತದೆ. ಇನ್ನೊಂದು ಮಾತು: ಇದು ಎಷ್ಟು ಮೃದು ಅಂದರೆ ಲಿಮಿಟರ್ ಮೇಲೆ ಇದ್ದೇವೆ ಅಂತಲೇ ಗೊತ್ತಾಗಲ್ಲ. ಗೇರು ಎತ್ತು ಅಂತ ಹೇಳುವ ಶಿಫ್ಟ್ ಲೈಟ್ ಕಡೆ ಕಣ್ಣಿಡಬೇಕು.

ಕೈಯಲ್ಲಿ ದುಡ್ಡಿದ್ದರೆ ನನ್ನ ಓಟು ರೈಡ್-ಬೈ-ವೈರ್‌ಗೆ. ಗೇರು ಬದಲಿಸುವುದನ್ನು ಈಗಷ್ಟೇ ಕಲಿಯುತ್ತಿರುವ ಹುಡುಗರಿಗೆ ಮಾತ್ರ ಸ್ಪಾರ್ಕ್ ಕಟ್ ಬೈಕೇ ವಾಸಿ ಅನ್ನುತ್ತೇನೆ. ತಪ್ಪಿದ ತಕ್ಷಣ ಮೈಗೇ ಗೊತ್ತಾಗುತ್ತದೆ ಅಲ್ವಾ? ಮಿತಿ ತೆಗೆದ ರೇಸಿಂಗ್ ಸಿಡಿಐ ಮಾರುವವರಿದ್ದಾರೆ, ಸ್ಟಾಕ್ ಎಂಜಿನ್‌ಗೆ ಅದನ್ನು ಹಾಕಲೇಬೇಡಿ. ಸ್ಪ್ರಿಂಗ್, ರಾಡ್ ಹಳೆಯದೇ ಇಟ್ಟು ಕಾವಲು ಮಾತ್ರ ತೆಗೆದರೆ ಸಿಗುವುದು ಬರೀ ಸದ್ದು. ಕೆಂಪು ಗೆರೆ ಹೊತ್ತಿಗೆ ಪವರ್ ಹೇಗೂ ಇಳಿಯತೊಡಗಿರುತ್ತದೆ.

ಮೂರೂ ಕೈಚೆಲ್ಲುವ ಜಾಗ ಒಂದಿದೆ. ಜೋರಾಗಿ ಹೋಗುತ್ತಿರುವಾಗ ಐದರಿಂದ ನಾಲ್ಕರ ಬದಲು ಎರಡಕ್ಕೆ ಇಳಿಸಿ ಕ್ಲಚ್ ಬಿಟ್ಟರೆ, ಎಂಜಿನ್ ತಿರುಗಿಸುವುದು ಹಿಂದಿನ ಚಕ್ರ. ಸ್ಪಾರ್ಕ್, ಪೆಟ್ರೋಲ್, ಗಾಳಿ ಯಾವುದನ್ನು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಹೀಗೆ ಚಕ್ರ ಎಂಜಿನ್ನನ್ನು ತಿರುಗಿಸುವಾಗ ಸ್ವಲ್ಪ ಜಾರುವ ಸ್ಲಿಪ್ಪರ್ ಕ್ಲಚ್ ಇದ್ದರೆ ಪೆಟ್ಟು ಸ್ವಲ್ಪ ತಗ್ಗೀತು. ಇಲ್ಲದಿದ್ದರೆ ಮೊದಲು ಬ್ರೇಕ್ ಹಿಡಿದು ವೇಗ ಇಳಿಸಿ, ಆಮೇಲೆ ಒಂದೊಂದೇ ಗೇರು.