ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪು: ಕರಾವಳಿಯ ಮಳೆಗಾಲಕ್ಕೆ ಎಷ್ಟು ಗಟ್ಟಿ?

ಮಳೆ ಹಿಡಿಯಿತೆಂದರೆ ಮಂಗಳೂರು, ಉಡುಪಿ ಕಡೆಯ ಗ್ರೂಪುಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದೇ ಪ್ರಶ್ನೆ: "ನಾಳೆ ರಜೆ ಉಂಟಾ?" ಅದರ ಬೆನ್ನಿಗೇ ಜಿಲ್ಲಾಧಿಕಾರಿಗಳ ಆದೇಶದ ಫೋಟೋ ಒಂದು ಬಂದು ಬೀಳುತ್ತದೆ. ಅದು ಇವತ್ತಿನದೋ ಹೋದ ವರ್ಷದ್ದೋ? ಇದಕ್ಕೆ ಎಷ್ಟು ಬೇಗ, ಎಷ್ಟು ಸರಿಯಾದ ಉತ್ತರ ಸಿಗುತ್ತದೆ ಎಂಬುದನ್ನು ನೋಡಿಯೇ ಒಂದು ಗ್ರೂಪಿಗೆ ಬೆಲೆ ಕಟ್ಟಬಹುದು. ಊರಿನ ಸುದ್ದಿ, ಮೀನಿನ ರೇಟು, ಕರೆಂಟು ಹೋದದ್ದು, ಭಾನುವಾರದ ಭೇಟಿ ಇವನ್ನೆಲ್ಲ ಮಾತಾಡಿಕೊಳ್ಳುವ ಗೆಳೆಯರ ಜಾಗವಾಗಿ ವಾಟ್ಸ್‌ಆ್ಯಪ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಹೋಗುವುದು ಫಾರ್ವರ್ಡಿನಿಂದ.

ಒಂದು ಗ್ರೂಪಿನಲ್ಲಿ 1024 ಜನರವರೆಗೆ ಇರಬಹುದು. ಹರಟೆಗೆ ಅಷ್ಟು ಜನ ಬೇಡ, ಹತ್ತರಿಂದ ಇಪ್ಪತ್ತೈದು ಸಾಕು. ಅಷ್ಟರೊಳಗಾದರೆ ಯಾರು ಎಲ್ಲಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ: ಒಬ್ಬರು ಸುರತ್ಕಲ್‌ನಿಂದ ದಿನಾ ಬಸ್ಸಿನಲ್ಲಿ ಬರುವವರು, ಒಬ್ಬರ ಅಂಗಡಿ ಕಲ್ಸಂಕದ ಹತ್ತಿರ, ಇನ್ನೊಬ್ಬರ ಮನೆ ಬಂಟ್ವಾಳದಲ್ಲಿ. "ಪಂಪ್‌ವೆಲ್ ಫ್ಲೈಓವರಿನ ಅಡಿ ನೀರು ನಿಂತಿದೆ, ಬೈಕು ತರಬೇಡಿ" ಎಂದು ಅಲ್ಲೇ ಸಿಕ್ಕಿಕೊಂಡವರು ಬರೆದ ಸಾಲಿಗೆ ಬೇರೆಯೇ ತೂಕ ಉಂಟು, ಏಕೆಂದರೆ "ಎಷ್ಟು ನೀರು, ಕಾರು ಹೋಗ್ತದಾ?" ಎಂದು ತಿರುಗಿ ಕೇಳಬಹುದು. ಫಾರ್ವರ್ಡ್ ಆಗಿ ಬಂದ ವಿಡಿಯೋಗೆ ಹಾಗೆ ಕೇಳಲು ಆಗುವುದಿಲ್ಲ. ಕಳಿಸಿದವರಿಗೇ ಉತ್ತರ ಗೊತ್ತಿರುವುದಿಲ್ಲ.

ಇಂಥ ಸುದ್ದಿ ಬರೆಯುವಾಗ "ಈಗ", "ಇಲ್ಲಿ" ಎಂಬ ಎರಡು ಮಾತು ಬಿಡಬೇಕು. "ಬೆಳಿಗ್ಗೆ 8.10, ಪಡೀಲ್ ರೈಲ್ವೆ ಸೇತುವೆಯಡಿ, ಮೊಣಕಾಲಿನವರೆಗೆ ನೀರು" ಎಂದು ಗಂಟೆ, ಜಾಗ, ಕಣ್ಣಳತೆ ಮೂರನ್ನೂ ಹಾಕಿದರೆ ಹನ್ನೊಂದು ಗಂಟೆಗೆ ಫೋನು ತೆರೆದವರೂ ಅದನ್ನು ಹಳೆಯ ಸುದ್ದಿ ಎಂದು ಗುರುತಿಸುತ್ತಾರೆ. ಫೋಟೋ ಒಂದು ಗ್ರೂಪಿನಿಂದ ಇನ್ನೊಂದಕ್ಕೆ ದಾಟುವಾಗ ಹೊಸ ಸಮಯದ ಮುದ್ರೆ ಬೀಳುತ್ತದೆ. ಹಾಗಾಗಿ ಆ್ಯಪ್ ತೋರಿಸುವ ಗಂಟೆಯನ್ನು ನಂಬಿ ಕೂರುವಂತಿಲ್ಲ.

ಟಿಕ್ ಗುರುತಿನ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ಒಂದು ಟಿಕ್ ಎಂದರೆ ಸಂದೇಶ ನಿಮ್ಮ ಫೋನಿನಿಂದ ಹೊರಟಿದೆ. ಗ್ರೂಪಿನಲ್ಲಿ ಎರಡನೇ ಟಿಕ್ ಬೀಳಬೇಕಾದರೆ ಪ್ರತಿಯೊಬ್ಬ ಸದಸ್ಯರ ಫೋನಿಗೂ ಅದು ತಲುಪಬೇಕು, ನೀಲಿ ಆಗಬೇಕಾದರೆ ಎಲ್ಲರೂ ಓದಬೇಕು. ಹದಿನೈದು ಜನರಲ್ಲಿ ಒಬ್ಬರ ಫೋನು ಚಾರ್ಜಿಲ್ಲದೆ ಆರಿದ್ದರೂ ಕೊನೆಯವರೆಗೆ ಒಂದೇ ಟಿಕ್. ಸಂದೇಶವನ್ನು ಒತ್ತಿ ಹಿಡಿದು ಇನ್ಫೋ ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬ ಪಟ್ಟಿ ಬರುತ್ತದೆ. ಘಾಟಿಯಲ್ಲಿ ಇರುವವರಿಗೆ ಎಚ್ಚರಿಕೆ ಕಳಿಸಿದಾಗ ನೋಡಬೇಕಾದದ್ದು ಇದನ್ನೇ. ತಲುಪಿಲ್ಲ ಎಂದಾದರೆ ಮಾಮೂಲಿ ಕರೆ ಮಾಡಿ, ಇಲ್ಲವೇ ಎಸ್‌ಎಂಎಸ್ ಹಾಕಿ. ಡೇಟಾ ಸತ್ತಿರುವ ಕಡೆಯಲ್ಲೂ ಎಸ್‌ಎಂಎಸ್ ಎಷ್ಟೋ ಸಲ ನುಸುಳುತ್ತದೆ.

ಇನ್ನು ರಜೆಯ ಆದೇಶ. ಹಳೆಯ ಆದೇಶ ಮತ್ತೆ ಓಡಾಡುವುದಕ್ಕೆ ಕಾರಣ ಸರಳ: ಪ್ರತಿ ವರ್ಷದ ಆದೇಶವೂ ನೋಡಲು ಒಂದೇ ತರಹ, ಓದುವವರ ಕಣ್ಣು "ರಜೆ" ಎಂಬ ಪದದಲ್ಲೇ ನಿಲ್ಲುತ್ತದೆ. ಮೊದಲು ದಿನಾಂಕವನ್ನೂ ವಾರವನ್ನೂ ತಾಳೆ ನೋಡಿ. ಹಳೆಯದರಲ್ಲಿ ದಿನಾಂಕ ಮಾತ್ರ ತಿದ್ದಿದವರು ವಾರ ತಿದ್ದಲು ಮರೆತಿರುತ್ತಾರೆ, ತಿದ್ದಿದ ಅಂಕಿಗಳ ದಪ್ಪವೂ ಪಕ್ಕದ ಅಕ್ಷರಕ್ಕೆ ಹೊಂದುವುದಿಲ್ಲ. ಮೇಲಿನ ಭಾಗ ಕತ್ತರಿಸಿದ ಫೋಟೋವನ್ನು ಲೆಕ್ಕಕ್ಕೇ ಇಡಬೇಡಿ. ಆಮೇಲೆ ಜಿಲ್ಲೆ. ಹೆಜಮಾಡಿ ಉಡುಪಿ ಜಿಲ್ಲೆಗೆ ಸೇರಿದ್ದು, ಸೇತುವೆ ದಾಟಿದರೆ ಮೂಲ್ಕಿ ದಕ್ಷಿಣ ಕನ್ನಡಕ್ಕೆ. ಒಂದು ಕಡೆಯ ಆದೇಶ ಇನ್ನೊಂದು ಕಡೆಯ ಶಾಲೆಗೆ ಅನ್ವಯಿಸುವುದಿಲ್ಲ. ಕೆಲವೊಮ್ಮೆ ರಜೆ ಆಯ್ದ ತಾಲೂಕುಗಳಿಗೆ ಮಾತ್ರ ಇರುತ್ತದೆ. ಅಂಗನವಾಡಿಯಿಂದ ಪಿಯುಸಿವರೆಗೆ ಎಂದಿದ್ದರೆ ಡಿಗ್ರಿ ಕಾಲೇಜಿನವರು ಎದ್ದು ಹೊರಡಲೇಬೇಕು. ಕೊನೆಯ ಖಚಿತತೆಗೆ ಜಿಲ್ಲಾಧಿಕಾರಿಗಳ ಅಧಿಕೃತ ಖಾತೆ ಅಥವಾ ಶಾಲೆಯದೇ ಗ್ರೂಪು.

ರೆಡ್ ಅಲರ್ಟ್ ಬಂದ ಮಾತ್ರಕ್ಕೆ ರಜೆ ಎಂದು ತಿಳಿಯಬೇಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದನ್ನೂ ಮೀರಿದರೆ ವಿಪರೀತ. ಬಣ್ಣ ಹೇಳುವುದು ಎಷ್ಟು ಸಿದ್ಧರಾಗಿರಬೇಕು ಎಂಬುದನ್ನು. ರಜೆ ಕೊಡುವುದು ಜಿಲ್ಲಾಡಳಿತ.

ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ವಿದ್ಯುತ್ ಕಂಪನಿ ಮೆಸ್ಕಾಂನ 1912, ಸೈಬರ್ ವಂಚನೆಯ 1930 ಈ ಮೂರು ಸಂಖ್ಯೆ ಗ್ರೂಪಿನಲ್ಲಿ ಕಣ್ಣಿಗೆ ಬೀಳುವಂತಿರಲಿ. ಅನೇಕರು ಇವನ್ನು ಚಾಟಿನ ನೆತ್ತಿಯಲ್ಲಿ ನಿಲ್ಲುವಂತೆ ಪಿನ್ ಮಾಡುತ್ತಾರೆ. ಪಿನ್‌ನ ಅವಧಿ 24 ಗಂಟೆ, 7 ದಿನ ಅಥವಾ 30 ದಿನ, ಅಷ್ಟೇ. ಜೂನಿನಲ್ಲಿ ಮಾಡಿದ ಪಿನ್ ಜುಲೈ ಜಡಿಮಳೆಯ ಹೊತ್ತಿಗೆ ಬಿದ್ದುಹೋಗಿರುತ್ತದೆ. ಗ್ರೂಪ್ ಡಿಸ್ಕ್ರಿಪ್ಷನ್‌ನಲ್ಲಿ ಬರೆದಿಟ್ಟರೆ ಅಳಿಸುವವರೆಗೂ ಇರುತ್ತದೆ.

ಫಾರ್ವರ್ಡಿನ ಮಾತಿಗೆ ಬರೋಣ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್‌ಆ್ಯಪ್‌ನಲ್ಲಿ ಹರಡಿದ ಸುಳ್ಳನ್ನು ನಂಬಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ದೇಶದ ಬೇರೆಡೆಯೂ ಅಂಥ ಕೊಲೆಗಳಾಗಿದ್ದವು. ಅದೇ ತಿಂಗಳು ಕಂಪನಿ ಭಾರತದಲ್ಲಿ ಫಾರ್ವರ್ಡನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಇಳಿಸುವುದಾಗಿ ಹೇಳಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದು ಜೋಡಿ ಬಾಣ ಹೊತ್ತ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಒಳ್ಳೆಯ ಕ್ರಮ, ಆದರೆ ಇದರಲ್ಲಿ ದೊಡ್ಡ ತೂತು ಉಂಟು. ಬಾಣ ಎಣಿಸುವುದು ಕೈ ದಾಟಿದ್ದನ್ನು, ಒಳಗಿನ ಮಾತು ಸುಳ್ಳೋ ನಿಜವೋ ಎಂಬುದು ಅದಕ್ಕೆ ಗೊತ್ತಿಲ್ಲ. ಬರಹವನ್ನು ಕಾಪಿ ಮಾಡಿ ಹೊಸದಾಗಿ ಅಂಟಿಸಿದರೆ, ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಬಾಣವೇ ಇರುವುದಿಲ್ಲ, ಸ್ವಂತ ಮಾತಿನಂತೆ ಕಾಣುತ್ತದೆ. ಜೋಡಿ ಬಾಣ ಕಂಡರೆ ಅನುಮಾನಿಸಿ, ಬಾಣ ಇಲ್ಲವೆಂದು ನಂಬಬೇಡಿ. "ಇದು ನೀವು ಕಂಡದ್ದಾ?" ಎಂದು ನೇರವಾಗಿ ಕೇಳುವ ಅಭ್ಯಾಸ ಇರುವ ಗ್ರೂಪಿನಲ್ಲಿ ಇಂಥವು ಎರಡನೇ ಸಲ ಬರುವುದಿಲ್ಲ.

ಕೋಮು ದ್ವೇಷದ ಆಡಿಯೋ, ಹಳೆಯ ಗಲಾಟೆಯ ವಿಡಿಯೋಗಳಂತೂ ನಮ್ಮ ಜಿಲ್ಲೆಗಳಲ್ಲಿ ಬರೀ ತಂಟೆಯ ವಿಷಯವಲ್ಲ, ಜೀವದ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 353ನೇ ಸೆಕ್ಷನ್‌ಗಳು ಇದಕ್ಕೆ ಅನ್ವಯಿಸಬಹುದು. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿಯೇ ಅಪರಾಧಿ ಆಗುವುದಿಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ: ಯಾರದ್ದೇ ಸಂದೇಶವಾದರೂ ಒತ್ತಿ ಹಿಡಿದು ಎಲ್ಲರ ಫೋನಿನಿಂದ ಅಳಿಸುವ ಅಧಿಕಾರ ಅಡ್ಮಿನ್‌ಗೆ ಇದೆ. ಅದಕ್ಕಾಗಿ ಇಬ್ಬರು ಅಡ್ಮಿನ್ ಇರಲಿ, ಒಬ್ಬರು ರಾತ್ರಿ ಎಚ್ಚರ ಇರುವವರಾಗಿರಲಿ. ಬರೆದವರು ತಮ್ಮದೇ ತಪ್ಪನ್ನು ಹದಿನೈದು ನಿಮಿಷದೊಳಗೆ ತಿದ್ದಬಹುದು, ಎರಡು ದಿನದವರೆಗೆ ಅಳಿಸಬಹುದು.

ಪತ್ರಿಕೆಯ ತುಣುಕು ಹಾಕುವವರಿಗೆ ಒಂದು ಮಾತು. ಸುದ್ದಿ ಮಾತ್ರ ಕತ್ತರಿಸದೆ, ಪತ್ರಿಕೆಯ ಹೆಸರು, ದಿನಾಂಕ ಇರುವ ಪುಟದ ನೆತ್ತಿಯೂ ಬರುವಂತೆ ಫೋಟೋ ತೆಗೆಯಿರಿ. ಮಾಮೂಲಿಯಾಗಿ ಕಳಿಸಿದ ಫೋಟೋವನ್ನು ಆ್ಯಪ್ ಕುಗ್ಗಿಸುವುದರಿಂದ ಸಣ್ಣ ಅಕ್ಷರದ ಒತ್ತು, ದೀರ್ಘ ಕಲಸಿಹೋಗುತ್ತವೆ. ಎಚ್‌ಡಿ ಗುಂಡಿ ಒತ್ತಿ ಕಳಿಸಿ, ಅಥವಾ ಡಾಕ್ಯುಮೆಂಟ್ ಆಗಿ ಲಗತ್ತಿಸಿ.

ಭಾಷೆಯ ಕಡೆಯಿಂದ ನೋಡಿದರೆ ಇದು ನಮ್ಮ ಕರಾವಳಿಗೆ ಒಗ್ಗಿದ ಜಾಗ. ಒಂದೇ ಗ್ರೂಪಿನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕೂ ಓಡುತ್ತವೆ. ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿ ಮೈಕ್ ಒತ್ತಿ ಮಾತಾಡಿದರೆ, ಗ್ರಂಥಭಾಷೆಗೆ ಹತ್ತಿರವಾದ ಮಂಗಳೂರು ಕನ್ನಡವನ್ನು ಚೆನ್ನಾಗಿಯೇ ಹಿಡಿಯುತ್ತದೆ. ತುಳುವಿನಲ್ಲಿ ಮಾತಾಡಿದರೆ ಅದಕ್ಕೂ ಕನ್ನಡ ಪದಗಳನ್ನೇ ಹುಡುಕಿ ಹಾಕಿ ಅರ್ಥ ಕೆಡಿಸುತ್ತದೆ, ಆದ್ದರಿಂದ ತುಳು ಬೆರಳಿನಿಂದಲೇ ಬರಲಿ. ಅಲ್ಲೂ ಒಂದು ತೊಡಕು. "ಎಲ್ಲೆ ಬರ್ಪೆ" ಎಂದು ಕನ್ನಡ ಲಿಪಿಯಲ್ಲಿ ಬರೆದರೆ ನಾಳೆ ನಾನು ಬರುತ್ತೇನೆ ಎಂದೂ ಆಗುತ್ತದೆ, ಅವನು ಬರುತ್ತಾನೆ ಎಂದೂ ಆಗುತ್ತದೆ. ಬಾಯಲ್ಲಿ ಕೊನೆಯ ಎಕಾರ ಎರಡು ಬಗೆ, ಲಿಪಿಯಲ್ಲಿ ಒಂದೇ. ಊಟಕ್ಕೆ ತಲೆ ಎಣಿಸುವಾಗ ಇದು ಎಡವಟ್ಟು ಮಾಡುತ್ತದೆ. "ಯಾನ್" (ನಾನು) ಅಥವಾ "ಆಯೆ" (ಅವನು) ಸೇರಿಸಿ ಬರೆದರೆ ಮುಗಿಯಿತು. ತುಳು ತಿಗಳಾರಿ ಲಿಪಿ 2024ರ ಯೂನಿಕೋಡ್ 16.0ರಲ್ಲಿ ಸೇರಿರುವುದು ಸಂತೋಷದ ಸಂಗತಿ, ಆದರೆ ಎದುರಿನವರ ಫೋನಿನಲ್ಲಿ ಅದರ ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳೇ ಕಾಣುತ್ತವೆ. ದಿನದ ಮಾತಿಗೆ ಕನ್ನಡ ಲಿಪಿಯೇ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರು ಗಮನಿಸಬೇಕಾದ್ದು: ಹುಡುಕುವ ಪೆಟ್ಟಿಗೆ ಕಾಗುಣಿತವನ್ನು ಮಾತ್ರ ನೋಡುತ್ತದೆ. ಪ್ಲಂಬರ್ ನಂಬರನ್ನು ಆ ಲಿಪಿಯಲ್ಲಿ ಹಾಕಿದ್ದರೆ ಆರು ತಿಂಗಳ ಮೇಲೆ ಕನ್ನಡದಲ್ಲಿ ಹುಡುಕಿದಾಗ ಸಿಗುವುದಿಲ್ಲ.

ಮೀನಿನ ರೇಟು ಹಾಕುವಾಗ ಕಿಲೋಗೋ, ನೂರು ರೂಪಾಯಿಗೆ ಎಷ್ಟೋ ಎಂಬುದು ಸ್ಪಷ್ಟ ಇರಲಿ. "ಬಂಗುಡೆ ನೂರಕ್ಕೆ ಆರು" ಎಂದರೆ ಗಾತ್ರವೂ ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಇರುವಾಗ ಮಲ್ಪೆಯ ರಾಶಿ ಅಂಜಲ್ ಫೋಟೋ "ಇವತ್ತಿನದು" ಎಂದು ಬಂದರೆ ಅದು ಹಳೆಯದೇ.

ಘಾಟಿ ಹತ್ತುವವರಿಗೆ ಲೈವ್ ಲೊಕೇಶನ್ ಉಪಯೋಗ. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಆಯ್ಕೆ ಇದೆ. ಮಳೆಗಾಲದಲ್ಲಿ ಶಿರಾಡಿ ಅಥವಾ ಚಾರ್ಮಾಡಿಗೆ 8 ಗಂಟೆಯದನ್ನೇ ಒತ್ತಿ, ತಲುಪಿದ ಮೇಲೆ ನಿಲ್ಲಿಸಿ. ನೆಟ್‌ವರ್ಕ್ ಇಲ್ಲದ ಕಡೆ ಚುಕ್ಕೆ ಹಿಂದಿನ ಜಾಗದಲ್ಲೇ ನಿಂತುಬಿಡುತ್ತದೆ, ಗಾಡಿ ನಿಂತಿದೆ ಎಂದು ಮನೆಯವರು ಗಾಬರಿಯಾಗಬಾರದು. ಕೊನೆಯ ಬಾರಿ ಅಪ್‌ಡೇಟ್ ಆದ ಹೊತ್ತು ಅಲ್ಲೇ ಬರೆದಿರುತ್ತದೆ, ಅದನ್ನು ನೋಡಿ.

ಫೋನು ತುಂಬುವುದು ಎಲ್ಲರ ದೂರು. ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮೀಡಿಯಾ ಆಟೋ ಡೌನ್‌ಲೋಡ್ ಎಂದು ಹೋಗಿ ಮೊಬೈಲ್ ಡೇಟಾದಲ್ಲಿ ಎಲ್ಲ ಗುರುತು ತೆಗೆಯಿರಿ, ವೈಫೈನಲ್ಲಿ ಫೋಟೋ ಮಾತ್ರ ಉಳಿಸಿ. ಅದೇ ಕಡೆ ಮ್ಯಾನೇಜ್ ಸ್ಟೋರೇಜ್‌ನಲ್ಲಿ, ಹಲವು ಸಲ ಫಾರ್ವರ್ಡ್ ಆದವು ಮತ್ತು 5 ಎಂಬಿಗಿಂತ ದೊಡ್ಡವು ಬೇರೆ ಬೇರೆಯಾಗಿ ಸಿಗುತ್ತವೆ. ಮೊದಲನೆಯದನ್ನು ಹೆಚ್ಚು ಯೋಚಿಸದೆ ಖಾಲಿ ಮಾಡಬಹುದು. ಆಂಡ್ರಾಯ್ಡ್‌ನಲ್ಲಿ ಬ್ಯಾಕಪ್ ಈಗ ಗೂಗಲ್ ಖಾತೆಯ ಉಚಿತ 15 ಜಿಬಿಯೊಳಗೇ ಸೇರುತ್ತದೆ. ಆದ್ದರಿಂದ ಬ್ಯಾಕಪ್‌ನಿಂದ ವಿಡಿಯೋ ಬಿಡಿ, ಇಲ್ಲದಿದ್ದರೆ ಜಿಮೇಲ್‌ಗೆ ಬರುವ ಪತ್ರಗಳೂ ನಿಲ್ಲುತ್ತವೆ.

ಮದುವೆ ಆಮಂತ್ರಣ, ಟ್ರಾಫಿಕ್ ದಂಡ, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಆಮಂತ್ರಣ ಫೋಟೋ ಅಥವಾ ಪಿಡಿಎಫ್ ಆಗಿ ಬರುತ್ತದೆ, ಎಪಿಕೆ ಎಂದರೆ ಫೋನಿನಲ್ಲಿ ಹೊಸ ಆ್ಯಪ್ ಕೂರಿಸುವ ಫೈಲು. ಅದು ಎಸ್‌ಎಂಎಸ್ ಓದುವ ಅನುಮತಿ ಪಡೆದು ಒಟಿಪಿ ಕದಿಯುತ್ತದೆ, ಆಮೇಲೆ ಅದೇ ಫೈಲು ಪರಿಚಿತರ ನಂಬರಿನಿಂದಲೇ ಗ್ರೂಪಿಗೆ ಬೀಳುತ್ತದೆ. ಹಾಗಾಗಿ ಗೆಳೆಯರ ಹೆಸರು ಕಂಡಿತೆಂದು ತೆರೆಯುವುದು ತಪ್ಪು. ಎಲ್ಲ ಸದಸ್ಯರೂ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್‌ನ ಆರಂಕಿ ಪಿನ್ ಹಾಕಿಕೊಳ್ಳಲಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಮೊದಲ ಗಂಟೆಗಳಲ್ಲಿ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬೇರೆ ಆ್ಯಪ್‌ಗೆ ಹೋಗಬೇಕೇ? ಟೆಲಿಗ್ರಾಂ ಗ್ರೂಪಿನಲ್ಲಿ ಎರಡು ಲಕ್ಷ ಜನ ಹಿಡಿಯುತ್ತಾರೆ, ಫೋನ್ ನಂಬರ್ ಅಡಗಿಸಿಕೊಳ್ಳಬಹುದು. ಊರಿನ ಯಕ್ಷಗಾನ ಬಯಲಾಟದ ಪಟ್ಟಿ, ಬಸ್ಸಿನ ಸಮಯದಂಥ ಸಾರ್ವಜನಿಕ ಮಾಹಿತಿಗೆ ಅದು ಅನುಕೂಲ. ಆದರೆ ಅದರ ಗ್ರೂಪಿನ ಮಾತು ವಾಟ್ಸ್‌ಆ್ಯಪ್‌ನಂತೆ ಕಳಿಸಿದವರು, ಪಡೆದವರ ಹೊರತು ಬೇರೆ ಯಾರೂ ಓದಲಾಗದ ಗೂಢಲಿಪಿಯಲ್ಲಿ (ಎಂಡ್ ಟು ಎಂಡ್ ಎನ್ಕ್ರಿಪ್ಷನ್) ಇರುವುದಿಲ್ಲ, ಮನೆ ವಿಷಯ ಹೇಳಿಕೊಳ್ಳಲು ಅದು ಬೇಡ. ಸಿಗ್ನಲ್ ಎಂಬ ಆ್ಯಪ್ ಲಾಭಕ್ಕಾಗಿ ನಡೆಯುವುದಲ್ಲ, ಗುಟ್ಟು ಕಾಯುವುದರಲ್ಲಿ ಗಟ್ಟಿ, ಆದರೆ ಗ್ರೂಪಿನ ಹದಿನೈದು ಜನರಲ್ಲಿ ಹದಿನೈದೂ ಜನ ಅದನ್ನು ಹಾಕಿಕೊಳ್ಳಬೇಕು. ಕಾಸರಗೋಡಿನಿಂದ ಕುಂದಾಪುರದವರೆಗೆ ಹಂಚಿಹೋದ ಗೆಳೆಯರಲ್ಲಿ, ಅದರಲ್ಲೂ ಗಲ್ಫಿನಲ್ಲಿ ಇಬ್ಬರು ಇದ್ದರೆ, ಎಲ್ಲರ ಫೋನಿನಲ್ಲೂ ಮೊದಲೇ ಇರುವುದು ವಾಟ್ಸ್‌ಆ್ಯಪ್ ಮಾತ್ರ. ಒಂದು ಎಚ್ಚರ: ಯುಎಇಯಲ್ಲಿ ಇರುವವರಿಗೆ ಅದರ ಧ್ವನಿ ಕರೆ ಸಾಮಾನ್ಯವಾಗಿ ತಡೆಯಾಗಿರುತ್ತದೆ, ಅವರಿಗೆ ವಾಯ್ಸ್ ಮೆಸೇಜ್ ಹಾಕಿ.