ಆರು ಮಳೆಗಾಲ ಕಂಡ ಡಬ್ಲ್ಯೂಪಿಸಿ ಬಚ್ಚಲ ಬಾಗಿಲು: ಕದ ಗಟ್ಟಿ, ಸ್ಕ್ರೂ ಸಡಿಲ

ಮಲೆನಾಡಿನಲ್ಲಿ ಆಷಾಢ ಬಂತೆಂದರೆ ಬಚ್ಚಲ ಬಾಗಿಲಿಗೆ ಭುಜ ಕೊಡಬೇಕು. ಮರದ ಕದ ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಫ್ಲಶ್ ಡೋರ್ ಆದರೆ ಕೆಳಗಿನ ಅಂಚು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಮನೆಯ ಈ ಡಬ್ಲ್ಯೂಪಿಸಿ (ವುಡ್ ಪ್ಲಾಸ್ಟಿಕ್ ಕಾಂಪೋಸಿಟ್, ಅಂದರೆ ಮರದ ಪುಡಿ ಬೆರೆತ ಪ್ಲಾಸ್ಟಿಕ್) ಕದ ಮಾತ್ರ ಆರನೇ ಮಳೆಗಾಲದಲ್ಲೂ ಒಂದೇ ಬೆರಳಿಗೆ ಮುಚ್ಚುತ್ತದೆ. ಕದ ಎತ್ತಿ ಹಿಡಿದು ಚಿಲಕ ಹಾಕುವ ಕಸರತ್ತಿಲ್ಲ. ಎಲ್ಲರ ಸ್ನಾನ ಮುಗಿದ ಮೇಲೆ ಕೆಳಗಿನ ಅಂಚಿಗೆ ಒಮ್ಮೆ ಬಟ್ಟೆ ಎಳೆದರೆ ಸೋಪಿನ ಕಲೆಯೂ ಹೋಗುತ್ತದೆ.

ಕಿರಿಕಿರಿಯೆಲ್ಲ ಸ್ಕ್ರೂನದ್ದು. ಮರದ ಪುಡಿ, ಪಿವಿಸಿ, ಸುಣ್ಣಕಲ್ಲಿನ ಪುಡಿ ಬೆರೆಸಿ, ನೊರೆ ಬರಿಸಿ ಮಾಡುವ ಹಲಗೆಯಿದು. ಮೇಲ್ಪದರ ಗಟ್ಟಿ, ಒಳಗೆ ಬ್ರೆಡ್ಡಿನಂತೆ ಗಾಳಿಗುಳ್ಳೆ. ಸ್ಕ್ರೂ ಕಚ್ಚಿ ಹಿಡಿಯಲು ಸಾಗುವಾನಿಯಂಥ ಉದ್ದ ನಾರಿಲ್ಲ. ಏಳಡಿ ಎತ್ತರ, ಎರಡೂವರೆ ಅಡಿ ಅಗಲ, 30 ಮಿ.ಮೀ. ದಪ್ಪದ ಕದ ಸುಮಾರು 30 ಕೆ.ಜಿ. ತೂಗುತ್ತದೆ; ಮೇಲಿನ ಹಿಂಜನ್ನು ಹೊರಕ್ಕೆ ಎಳೆಯುವುದು ಆ ಭಾರವೇ. ಮರಕ್ಕೆ ಮಾಡುವ ಹಾಗೆ ಸ್ಕ್ರೂವನ್ನು ಅರ್ಧ ಸುತ್ತಿಗೆಯಲ್ಲಿ ಬಡಿದು, ಉಳಿದರ್ಧ ತಿರುಗಿಸಿದರೆ ಎರಡನೇ ವರ್ಷಕ್ಕೇ ಕದ ಜೋತು ನೆಲ ಕೆರೆಯುತ್ತದೆ. ನಮ್ಮಲ್ಲಿ ಆದದ್ದೂ ಅದೇ.

ಹಾಗಾಗಿ ಬಡಗಿಯ ಪಕ್ಕದಲ್ಲೇ ನಿಂತು ಮಾಡಿಸಿ. ಹಿಂಜ್ ಮೂರಲ್ಲ, ನಾಲ್ಕು; ಅದರಲ್ಲಿ ಎರಡು ಮೇಲ್ಭಾಗದಲ್ಲೇ ಹತ್ತಿರ ಹತ್ತಿರ. 4 ಇಂಚಿನ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ, ಆಸಿಡ್ ಹಾಕಿ ತೊಳೆಯುವ ಬಚ್ಚಲಲ್ಲಿ ಕಬ್ಬಿಣದ್ದು ಬಾಳುವುದಿಲ್ಲ. 8 ನಂಬರಿನ 50 ಮಿ.ಮೀ. ಸ್ಕ್ರೂಗೆ ಮೊದಲು 3 ಮಿ.ಮೀ. ತೂತು ಕೊರೆದು, ಕೊನೆಯ ಎರಡು ಸುತ್ತು ಕೈಯಲ್ಲೇ ತಿರುಗಿಸಬೇಕು. ಮಷಿನ್ನಿನಲ್ಲಿ ಒಂದು ಸುತ್ತು ಹೆಚ್ಚಾದರೂ ಒಳಗಿನ ನೊರೆ ಪುಡಿಯಾಗಿ ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಅಳತೆಗೆ ಕತ್ತರಿಸುವುದಿದ್ದರೆ ಚಿಲಕದ ಬದಿ ಕತ್ತರಿಸಿ. ಕತ್ತರಿಸಿದ ಅಂಚಿಗೆ ಗಟ್ಟಿ ಪದರ ಇರುವುದಿಲ್ಲ, ಹಿಂಜಿನ ಸ್ಕ್ರೂ ಅಲ್ಲಿ ನಿಲ್ಲದು.

ಬೈದುಕೊಂಡೇ ರಿಪೇರಿಗೆ ಕೂತಾಗ ಇದರ ಇನ್ನೊಂದು ಗುಣ ಗೊತ್ತಾಯಿತು. ಸಡಿಲವಾದ ತೂತನ್ನು 10 ಮಿ.ಮೀ.ಗೆ ಅಗಲಿಸಿ, ಉಳಿದ ತುಂಡಿನಿಂದಲೇ ಗೂಟ ಕೆತ್ತಿ, ನೀರಿನ ಪೈಪಿಗೆ ಹಚ್ಚುವ ಪಿವಿಸಿ ಸಲ್ಯೂಶನ್ ಸವರಿ ತುರುಕಬೇಕು. ಒಂದು ದಿನ ಒಣಗಿಸಿ ಅದರಲ್ಲೇ ಹೊಸ ತೂತು ಕೊರೆಯಿರಿ. ಮೂಲ ಪಿವಿಸಿಯೇ ಆದ್ದರಿಂದ ಗೂಟ ಹಲಗೆಗೆ ಬೆಸೆದುಕೊಳ್ಳುತ್ತದೆ. ಆಮೇಲೆ ಕದ ಜೋತಿಲ್ಲ. ಒದ್ದೆ ಟವಲಿನ ಕೊಕ್ಕೆಯನ್ನು ಮಾತ್ರ ಗೋಡೆಗೇ ಹೊಡೆಸಿ.

ಬಿಸಿಲಿಗೆ ಹಿಗ್ಗುವ ಕಾರಣ ಸುತ್ತ 3 ಮಿ.ಮೀ. ಸಂದು ಬಿಡಿ. ಪಡುವಣ ಬಿಸಿಲು ನೇರ ಬೀಳುವ ಕಡೆ ಕಡುಬಣ್ಣ ಬಳಿದರೆ ಬಾಗುತ್ತದೆ. ಅಂಥ ಜಾಗಕ್ಕೆ ನಾನಂತೂ ಹಾಕಿಸುವುದಿಲ್ಲ.

ಡಬ್ಲ್ಯೂಪಿಸಿ ಪರಿಸರಸ್ನೇಹಿ ಎಂಬ ಮಾತನ್ನು ಅರ್ಧ ಒಪ್ಪುತ್ತೇನೆ. ಮಿಲ್ಲಿನ ಮರದ ಪುಡಿಗೆ ಒಂದು ದಾರಿಯಾಯಿತು, ಸರಿ. ಆದರೆ ಉಳಿದ ತುಂಡನ್ನು ಸೌದೆಯೆಂದು ಬಚ್ಚಲ ಒಲೆಗೆ ಒಡ್ಡಬೇಡಿ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷದ ಹೊಗೆ ಬರುತ್ತದೆ. ನಮ್ಮಲ್ಲಿ ಡಬ್ಲ್ಯೂಪಿಸಿ ಚೌಕಟ್ಟಿನ ತುಂಡುಗಳು ಸೌದೆ ರಾಶಿಯ ಅಡಿಯಲ್ಲಿವೆ. ಗೆದ್ದಲು ಅದರ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಹತ್ತಿ ಸೌದೆ ತಿಂದಿದೆ, ತುಂಡನ್ನು ಮುಟ್ಟಿಲ್ಲ.